ನನ್ನ ಕ್ಲಾಸಲ್ಲಿ ಯಾರೂ ತೂಕಡಿಸಲ್ಲ

ಕಾಲೇಜಲ್ಲಿ ಇತಿಹಾಸ ಪಾಠ ಮಾಡೋಳಿಗೆ ನಗೋ ವಿಷಯ ಹುಡುಕಿಕೊಂಡು ಹೋಗೋ ಕಷ್ಟವಿಲ್ಲ. ಅದೇ ಹಾಜರಿ ಹಾಕಿಸ್ಕೊಳ್ಳೋಕೆ ಬರುತ್ತೆ.

೧

ಜಂಬ ಅಂದ್ಕೊಂಡ್ರೂ ಪರವಾಗಿಲ್ಲ, ಜಯನಗರದ ನಮ್ಮ ಕಾಲೇಜಲ್ಲಿ ಊಟದ ನಂತರದ ಪೀರಿಯಡ್ ಯಾವಾಗಲೂ ನನಗೇ. ನನ್ನ ಕ್ಲಾಸಲ್ಲಿ ಯಾರೂ ತೂಕಡಿಸಲ್ಲ. ಹಿಂದಿನ ಬೆಂಚಲ್ಲಿ ಒಂದು ಕಣ್ಣು ಮುಚ್ಚಿದ್ರೆ ಸಾಕು, ಅಲ್ಲೇ ಹೋಗಿ ನಿಂತು ಒಂದು ಯುದ್ಧ ಶುರು ಮಾಡ್ತೀನಿ.

ಲಾಕ್‌ಡೌನ್ ಬಂದು ಪಾಠವೆಲ್ಲ ಆನ್‌ಲೈನ್ ಆಯ್ತು. ಎಲ್ಲರ ಕ್ಯಾಮೆರಾನೂ ಆಫ್. ಅರ್ಥಶಾಸ್ತ್ರದ ಮೇಷ್ಟ್ರು ಫೋನ್ ಮಾಡಿ ಕಿಚಾಯಿಸಿದ್ರು: "ಈಗ ಅವರು ಚಾಪೆ ಹಾಸ್ಕೊಂಡು ಮಲಗಿದ್ರೂ ನಿಮಗೆ ಗೊತ್ತಾಗಲ್ಲ ಬಿಡಿ ಮೇಡಂ!"

ಮೈಯೆಲ್ಲ ಉರಿದುಹೋಯ್ತು. ಅವರ ಕ್ಲಾಸಲ್ಲಿ ಹುಡುಗ್ರು ಕಣ್ಣೆದುರಿಗೇ ಮಲಗ್ತಿದ್ರು, ಅದು ಬೇರೆ ಮಾತು.

೨

ಒಂದು ಮಧ್ಯಾಹ್ನ ಪಾಠದ ನಡುವೆ ಗೊರಕೆ ಕೇಳಿಸ್ತು.

"ಯಾರದು? ಮರ್ಯಾದೆಯಾಗಿ ಒಪ್ಕೊಳ್ಳಿ!" ಅಂತ ರೇಗಿದೆ.

"ನಾನಲ್ಲ ಮೇಡಂ", "ನಾನೂ ಅಲ್ಲ ಮೇಡಂ" ಅಂತ ಒಬ್ಬೊಬ್ಬರೇ ಶುರು ಮಾಡಿದ್ರು. ಕೊನೆಗೆ ಒಬ್ಬಳು ಮೆಲ್ಲಗೆ ಹೇಳಿದಳು: "ಮೇಡಂ, ನಿಮ್ಮ ಹಿಂದೆ ದಿವಾನ್ ಮೇಲೆ ಸಾರ್ ಮಲಗಿದ್ದಾರೆ."

ಅವತ್ತು ನಮ್ಮನೆಯವರಿಗೆ ಸಂಜೆ ಕಾಫಿ ಸಿಗಲಿಲ್ಲ.

೩

ಕಾಲೇಜು ಮತ್ತೆ ತೆರೆದ ದಿನ, ಮುಂದಿನ ಬೆಂಚಿನ ಹುಡುಗಿ ಪಾಠದ ಮಧ್ಯೆ ಡಬ್ಬಿ ತೆಗೆದು ಚಿತ್ರಾನ್ನ ತಿನ್ನೋಕೆ ಶುರು ಮಾಡಿದಳು. ನಾನು ಸುಮ್ಮನೆ ದಿಟ್ಟಿಸಿ ನೋಡಿದೆ.

"ಅಯ್ಯೋ ಮೇಡಂ, ಇಲ್ಲಿ ನಾನು ನಿಮಗೆ ಕಾಣಿಸ್ತೀನಿ ಅನ್ನೋದೇ ಮರೆತುಹೋಗಿತ್ತು!"

೪

ಇಷ್ಟಾದ್ರೂ ಮೇಷ್ಟ್ರ ಮಾತು ಮನಸ್ಸಲ್ಲಿ ಕೊರೀತಾನೇ ಇತ್ತು. ಅಷ್ಟು ದಿನ ಗಂಟಲು ಹರ್ಕೊಂಡಿದ್ದನ್ನ ಒಬ್ಬರಾದ್ರೂ ಕೇಳಿದ್ರಾ?

ಪೋಷಕರ ಸಭೆಗೆ ಹುಳಿಮಾವಿನಿಂದ ಒಬ್ಬ ತಾಯಿ ಮಗನನ್ನ ಎಳ್ಕೊಂಡು ಬಂದ್ರು. ಮಗ ನನ್ನ ಟೆಸ್ಟಲ್ಲಿ ಫೇಲು. ನಾನು ಬಾಯಿ ತೆರೆಯೋ ಮುಂಚೆ ಅವರೇ ಶುರು ಮಾಡಿದ್ರು:

"ಅವ್ನ ವಿಷ್ಯ ಬುಡಿ ಮೇಡಂ. ಆ ರಾಣಿ ಏನಾದ್ಳು?"

"ಯಾವ ರಾಣಿ ಅಮ್ಮಾ?"

"ಅದೇ, ಫ್ರಾನ್ಸಿನೋಳು! ರಾಜನ ತಲೆ ತೆಗೆಸಿ, ಮಾರನೇ ದಿನಾನೇ ಹುಡುಗ್ರನ್ನ ಕಾಲೇಜಿಗೆ ಕರ್ಕೊಂಡ್ಬುಟ್ರಿ. ನಮ್ ಗತಿ?"

ಮಗರಾಯ ಆನ್‌ಲೈನ್ ಕ್ಲಾಸ್ ಹಾಕಿ ಫೋನನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು ಹೋಗಿ ಮಲಗ್ತಿದ್ನಂತೆ. ತಾಯಿ, ಅಕ್ಕಪಕ್ಕದ ಬಾಡಿಗೆ ಮನೆ ಹೆಂಗಸರು ಎಲ್ಲ ಅವರೆಕಾಯಿ ಬಿಡಿಸ್ತಾ ನನ್ನ ಪಾಠ ಕೇಳ್ತಿದ್ರಂತೆ.

ನನಗೆ ಕಣ್ಣು ತುಂಬಿ ಬಂತು. ಪಕ್ಕದ ಮೇಜಿನ ಅರ್ಥಶಾಸ್ತ್ರದ ಮೇಷ್ಟ್ರಿಗೆ ಕೇಳಿಸೋ ಹಾಗೆ ಗಟ್ಟಿಯಾಗಿ ಕೇಳಿದೆ: "ಯಾರಾದ್ರೂ ತೂಕಡಿಸಿದ್ರಾ ಅಮ್ಮಾ?"

"ತೂಕಡಿಸೋದಾ? ನಿಮ್ ಪಾಠ ಕೇಳ್ತಾ ಎಷ್ಟು ಸಲ ಸಾರು ಸೀದೋಯ್ತು!"

ಇನ್ನೇನು ಬೇಕು? ಅಲ್ಲೇ ಎದ್ದು ನಿಂತು ರಾಣಿ ಕಥೆ ಶುರು ಮಾಡಿದೆ. ಸೆರೆಮನೆ, ವಿಚಾರಣೆ, ಗಾಡಿಯಲ್ಲಿ ಮೆರವಣಿಗೆ. ಸಾಲಲ್ಲಿದ್ದ ಪೋಷಕರೆಲ್ಲ ಮಾರ್ಕ್ಸು ಮರೆತು ಸುತ್ತ ಸೇರಿದ್ರು. ಮೇಷ್ಟ್ರೂ ಕುರ್ಚಿ ಎಳ್ಕೊಂಡು ಬಂದ್ರು. ರಾಣಿ ವಧಾಸ್ಥಾನದ ಮೆಟ್ಟಿಲು ಹತ್ತಿದಳು.

ಆಗ ಹಿಂದಿನಿಂದ ಗೊರಕೆ. ನೋಡಿದ್ರೆ ಅದೇ ಮಗರಾಯ, ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ.

ನಾನು ಬಾಯಿ ತೆರೆಯೋದ್ರೊಳಗೆ ತಾಯಿ ಅವನ ತಲೆಗೊಂದು ಮೊಟಕಿದ್ರು: "ಏಳೋ ಮುಂಡೇದೇ! ಅಲ್ಲಿ ರಾಣಿ ತಲೆ ಹೋಗ್ತಾ ಐತೆ!"