ರಾಜಾ, ಎಕ್ಕಾ, ಎರಡು

ರಮ್ಮಿಯಲ್ಲಿ ನನ್ನನ್ನು ಸೋಲಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ನಮ್ಮ ಮನೆಯ ಹೊಸ್ತಿಲು ದಾಟಿ ನಾನು ಎಂದೂ ರಮ್ಮಿ ಆಡಿಯೇ ಇರಲಿಲ್ಲ!

ನರೋಣಾದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ನನಗೆ ಇಸ್ಪೀಟು ಕಲಿಸಿದವಳು ನಮ್ಮ ಅವ್ವ. ನಾಗರ ಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಜೀಕುತ್ತಿದ್ದರೆ, ಅವ್ವ ಪಡಸಾಲೆಯಲ್ಲಿ ಜಮಖಾನ ಹಾಸಿ, ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಎಲೆ ಹಂಚುತ್ತಿದ್ದಳು. ಹದಿಮೂರು ಎಲೆಯಲ್ಲಿ ಕಡಿಮೆ ಅಂದರೂ ಎರಡು ಸೀಕ್ವೆನ್ಸ್ ಇರಬೇಕು, ಅಂದರೆ ಒಂದೇ ಜಾತಿಯ ಮೂರ್ನಾಲ್ಕು ಎಲೆ ಒಂದರ ಹಿಂದೊಂದು ಸಾಲಾಗಿ ನಿಲ್ಲಬೇಕು. ಅದರಲ್ಲಿ ಒಂದಾದರೂ ಜೋಕರಿನ ಹಂಗಿಲ್ಲದ ಪ್ಯೂರ್ ಸೀಕ್ವೆನ್ಸ್ ಆಗಿರಬೇಕು. ಮತ್ತು ದೊಡ್ಡ ಎಲೆಯನ್ನು ಕೈಯಲ್ಲಿ ಇಟ್ಟುಕೊಂಡು ಕೂಡಬಾರದು, ಸಂದು ಸಿಕ್ಕೊಡನೆ ಹೊರಗೆ ಹಾಕಬೇಕು. ಪ್ರತಿ ಪಂಚಮಿಗೂ ನನ್ನ ಇಬ್ಬರು ತಂಗಿಯರು ಸೋಲುತ್ತಿದ್ದರು, ನಾನು ಗೆಲ್ಲುತ್ತಿದ್ದೆ. ಇಷ್ಟು ದೊಡ್ಡ ದಾಖಲೆ ಇರುವ ಮನುಷ್ಯ ಯಾರಿಗೆ ಯಾಕೆ ಹೆದರಬೇಕು?

ಹೋದ ವರ್ಷ ಮಗಳು ಸವಿತಾಳ ಲಗ್ನ ನಿಶ್ಚಯವಾಯಿತು. ಅವಳೂ ಹುಡುಗ ಮಹೇಶನೂ ಜೇವರ್ಗಿಯ ಒಂದೇ ಶಾಲೆಯಲ್ಲಿ ಪಾಠ ಹೇಳುವವರು. ಅವರು ಅವರೇ ಎಲ್ಲ ಮಾತಾಡಿ ಮುಗಿಸಿದ್ದರಿಂದ ಹಿರಿಯರಿಗೆ ತೀರ್ಮಾನಿಸಲು ಉಳಿದದ್ದು ಒಂದೇ ವಿಷಯ. ಲಗ್ನ ನರೋಣಾದಲ್ಲೋ ಅಥವಾ ಹುಡುಗನ ಊರು ಅಫಜಲಪುರದಲ್ಲೋ? ಆ ಒಂದನ್ನೂ ಹಾಳು ಮಾಡಿದ ಕೀರ್ತಿ ನನಗೆ ಸಲ್ಲಬೇಕು.

ಲಗ್ನ ನರೋಣಾದಲ್ಲೇ ಆಗಬೇಕಿತ್ತು. ಕಾರಣ ಅವ್ವ. ಅವಳಿಗೆ ಎಂಬತ್ತೆರಡು ವರ್ಷ. ಕಣ್ಣು, ಕಿವಿ, ನಾಲಿಗೆ ಎಲ್ಲವೂ ಗಟ್ಟಿ. ಆದರೆ ಗಾಡಿ ಹತ್ತಿದರೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಹಿಂದೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಲು ಆಳಂದಕ್ಕೆ ಕರೆದೊಯ್ದಿದ್ದೆ. ದಾರಿಯಲ್ಲಿ ಮೂರು ಸಲ ಬಸ್ಸು ನಿಂತಿತು. ಡಾಕ್ಟರು ಕಣ್ಣು ಬಿಟ್ಟು ಹೊಟ್ಟೆ ನೋಡಿ ಕಳಿಸಿದರು. ಅಂದಿನಿಂದ ಅವ್ವ ಗಾಡಿ ಹತ್ತಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ, ಮೊಮ್ಮಗಳ ತಲೆಯ ಮೇಲೆ ತನ್ನ ಕೈಯಾರೆ ಅಕ್ಕಿಕಾಳು ಹಾಕಬೇಕು.

ಒಂದು ಭಾನುವಾರ ನಾನು, ನನ್ನ ಹೆಂಡತಿ ಕಮಲಾ ಅಫಜಲಪುರಕ್ಕೆ ಹೋದೆವು. ಬೀಗರು ಗುರಪ್ಪನವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಎತ್ತರದ ಆಳು, ಮೆಲುಮಾತು. ಹೋಳಿಗೆ ಊಟ ಮುಗಿಯಿತು. ಎಲೆ ಅಡಿಕೆಯ ಹೊತ್ತಿಗೆ ಅವರು, ತಮ್ಮ ಮನೆತನದ ಗಂಡುಹುಡುಗರ ಲಗ್ನಗಳೆಲ್ಲ ತಮ್ಮ ಅಂಗಳದಲ್ಲೇ ಆಗುತ್ತ ಬಂದಿವೆ ಎಂದರು. ಇದಕ್ಕೆ ನಾನು ಏನು ಹೇಳಬೇಕಿತ್ತು? "ನಮ್ಮ ಅವ್ವಗ ಗಾಡಿ ಆಗಿ ಬರಂಗಿಲ್ರಿ" ಎಂದು ನಾಲ್ಕು ಮಾತಿನಲ್ಲಿ ಮುಗಿಸಬೇಕಿತ್ತು. ಆದರೆ ಬೀಗರ ಮನೆಯಲ್ಲಿ, ಹೋಳಿಗೆ ಉಂಡ ಬಾಯಲ್ಲಿ, ವಾಂತಿಯ ಸುದ್ದಿ ತೆಗೆಯುವುದು ಮರ್ಯಾದೆಯೇ? ನಮ್ಮ ಮನೆತನದ ಹೆಣ್ಣುಮಕ್ಕಳ ಲಗ್ನಗಳೂ ನಮ್ಮ ಅಂಗಳದಲ್ಲೇ ಆಗುತ್ತವೆ ಎಂದು ಬಿಗಿಯಾಗಿ ಹೇಳಿದೆ. ಕಮಲಾ ನನ್ನ ತೊಡೆ ಚಿವುಟಿದಳು. ಚಿವುಟಿದ ಜಾಗದಿಂದಲೇ ಧೈರ್ಯ ಏರಿದಂತಾಗಿ ಇನ್ನೂ ಬಿಗಿಯಾದೆ.

ಎರಡು ತಾಸು ವಾದ ನಡೆಯಿತು. ಕೊನೆಗೆ ಗುರಪ್ಪನವರು ಎದ್ದು ಗೂಡಿನಿಂದ ಎರಡು ಕಟ್ಟು ಇಸ್ಪೀಟು ತಂದು ನನ್ನ ಮುಂದಿಟ್ಟರು.

"ನಾವು ನಾಲ್ಕು ಮಂದಿ ಅಣ್ತಮ್ಮರು ಇದೀವ್ರಿ," ಎಂದರು. "ಯಾವತ್ತೂ ಕೋರ್ಟ್ ಮೆಟ್ಟಿಲು ಹತ್ತಿಲ್ಲ, ಪಂಚರನ್ನ ಕರದಿಲ್ಲ. ಮಾತು ಬಗಿಹರೀಲಿಲ್ಲಂದ್ರ ಒಂದ ಆಟ ರಮ್ಮಿ. ಸೋತಾಂವ ಸುಮ್ನ ಎದ್ದು ಹೋಗ್ಬೇಕು, ತಿರುಗಿ ಮಾತಾಡಂಗಿಲ್ಲ. ಬಾವಿ ಹೊಲ ಯಾರ ಪಾಲಿಗಂತನೂ ಹಿಂಗೇ ಬಗಿಹರದದ. ನಿಮಗ ಬರ್ತದೇನ್ರಿ ಬೀಗ್ರ?"

ನನಗೆ ನಗು ತಡೆಯಲಾಗಲಿಲ್ಲ. ಪಾಪ, ಯಾರನ್ನು ಕೇಳುತ್ತಿದ್ದಾರೆ! ಸ್ವಲ್ಪ ಸ್ವಲ್ಪ ಬರುತ್ತದೆ ಎಂದೆ. ನಿಮ್ಮ ಕಡೆ ರೂಲು ಏನಾದರೂ ಬೇರೆ ಇದೆಯೇ ಎಂದು ಅವರು ಕೇಳಿದರು. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ.

"ರಮ್ಮಿ ಅಂದ್ರ ರಮ್ಮೀರಿ," ಎಂದೆ ನಾನು. "ರೂಲು ಎಲ್ಲಾ ಕಡೀ ಒಂದೇ."

ಎಲೆ ಕಲೆಸುವ ಮುನ್ನ ಮೂತ್ರಕ್ಕೆಂದು ಹೊರಗೆ ಹೋಗಿ ಅವ್ವನಿಗೆ ಫೋನು ಹಚ್ಚಿದೆ. ಲಗ್ನ ನಮ್ಮ ಅಂಗಳದಲ್ಲೇ ಎಂದು ತಿಳಿ, ಚಿಂತೆ ಬಿಡು ಎಂದೆ. ಆಟದ ವಿಷಯ ಹೇಳಲಿಲ್ಲ. ಮುಗಿದ ಮೇಲೆ ಹೇಳಬೇಕಾದದ್ದನ್ನು ಕಾಲು ತಾಸು ಮೊದಲು ಹೇಳಿದೆ, ಅಷ್ಟೇ ತಾನೆ?

ಆ ಕಾಲು ತಾಸು ಅವ್ವನಿಗೆ ಸಾಕಾಗಿತ್ತು. ಗುರಪ್ಪನವರು ಎಲೆ ಹಂಚುವಾಗಲೇ ನನ್ನ ಫೋನು ಬಡಿದುಕೊಂಡಿತು. ಹಂದರ ಹಾಕುವವನು. ಅವ್ವ ಕರೆಸಿದ್ದಾಳಂತೆ, ಅಂಗಳ ಅಳೆಯುತ್ತಿದ್ದಾನಂತೆ, ನಿಂಬೆಗಿಡ ಅಡ್ಡ ಬರುತ್ತದೆ, ಕಡಿಯಲೋ ಎಂದು ಕೇಳಿದ. ಕಡಿಯಬೇಡ ಎಂದು ಪಿಸುಗುಟ್ಟಿದೆ. ಮೊದಲ ಎಲೆ ಎತ್ತುವಾಗ ತಂಗಿಯ ಫೋನು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ, ನಮ್ಮ ಮನೆಗೆ ಯಾಕೆ ಮೊದಲು ತಿಳಿಸಲಿಲ್ಲ ಎಂದು ಸಿಟ್ಟು. ಮೂರನೆಯದು ಅಡುಗೆಯವನದು. ಅದನ್ನು ನಾನು ಎತ್ತಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕೈ ಬೆವರಿ, ಹದಿಮೂರು ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹನ್ನೊಂದೇ ಕಾಣುತ್ತಿದ್ದವು.

ಮೊದಲ ಸಲ ಆ ಪ್ರಶ್ನೆ ಎದ್ದಿತು. ಸೋತರೆ? ಹಂದರದ ಕೆಳಗೆ ಮದುವಣಗಿತ್ತಿಯೇ ಇಲ್ಲದೆ ಅವ್ವ ಒಬ್ಬಳೇ ಅಕ್ಕಿಕಾಳು ಹಿಡಿದು ಕೂತಂತೆ ಕಣ್ಣಿಗೆ ಕಟ್ಟಿತು.

ಎದುರಿಗೆ ಗುರಪ್ಪನವರು ಟಿಕೆಟ್ ಹರಿದಷ್ಟು ಸಲೀಸಾಗಿ ಎಲೆ ಎಸೆಯುತ್ತಿದ್ದರು. ಅವರ ಅಣ್ಣ ಸಾಕ್ಷಿಯಾಗಿ ನಡುವೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಪ್ರತಿ ಕಟ್ ಎಂಬ ಸದ್ದಿಗೂ ನಾನು ಬೆಚ್ಚುತ್ತಿದ್ದೆ. ಗಾಬರಿಯಲ್ಲಿ ಅವರಿಗೆ ಬೇಕಾದ ಎಲೆಯನ್ನೇ ಎರಡು ಸಲ ಎಸೆದೆ. ಎರಡೂ ಸಲ ಅವರು "ಉಪಕಾರ ಆತ್ರಿ" ಎಂದು ಎತ್ತಿಕೊಂಡರು.

ಆದರೂ ದೇವರು ದೊಡ್ಡವನು. ನಿಧಾನಕ್ಕೆ ನನ್ನ ಕೈ ಕೂಡುತ್ತ ಬಂತು. ಆಟೀನಿನ ಐದು, ಆರು, ಜೋಕರ್, ಎಂಟು. ಅದೊಂದು ಸೀಕ್ವೆನ್ಸ್, ಜೋಕರ್ ಇದ್ದದ್ದು. ಬೇರೆ ಬೇರೆ ಜಾತಿಯ ಮೂರು ಒಂಬತ್ತುಗಳು, ಒಂದು ಸೆಟ್. ಹಾಗೆಯೇ ಮೂರು ನಾಲ್ಕುಗಳು, ಇನ್ನೊಂದು ಸೆಟ್. ಉಳಿದದ್ದು ಇಸ್ಪೀಟಿನ ರಾಣಿ, ರಾಜಾ ಮತ್ತು ಎರಡು. ಬೇಕಾದದ್ದು ಒಂದೇ ಎಲೆ, ಇಸ್ಪೀಟಿನ ಗುಲಾಮ ಇಲ್ಲವೇ ಎಕ್ಕಾ. ಕೈ ಚಾಚಿ ಕಟ್ಟಿನಿಂದ ಎಲೆ ಎತ್ತಿದೆ. ಒಂದು ಕಣ್ಣು ಮುಚ್ಚಿ, ಅರ್ಧ ಕಣ್ಣಲ್ಲಿ ನೋಡಿದೆ.

ಇಸ್ಪೀಟಿನ ಎಕ್ಕಾ!

ಈಗ ಕೈಯಲ್ಲಿ ಹದಿನಾಲ್ಕು ಎಲೆ. ಒಂದನ್ನು ಬಿಟ್ಟು ಶೋ ಮಾಡಬೇಕು. ರಾಣಿ, ರಾಜಾ, ಎಕ್ಕಾ, ಎರಡು, ಈ ನಾಲ್ಕರಲ್ಲಿ ಯಾವುದನ್ನು ಬಿಡಲಿ? ಅವ್ವ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ಗಡಿಯಾರದಲ್ಲಿ ಹನ್ನೆರಡು ಆದ ಮೇಲೆ ಒಂದು, ಆಮೇಲೆ ಎರಡು ಹೊಡೆಯುವಂತೆ, ಇಸ್ಪೀಟಿನಲ್ಲೂ ರಾಜಾ ಆದ ಮೇಲೆ ಎಕ್ಕಾ, ಎಕ್ಕಾ ಆದ ಮೇಲೆ ಎರಡು. ಅಂದಮೇಲೆ ರಾಣಿ ಬಿಟ್ಟರೂ ಸೀಕ್ವೆನ್ಸ್, ಎರಡು ಬಿಟ್ಟರೂ ಸೀಕ್ವೆನ್ಸ್. ದೊಡ್ಡ ಎಲೆ ಇಟ್ಟುಕೊಳ್ಳಬಾರದು ಎಂಬ ಮಾತೂ ನೆನಪಾಯಿತು. ರಾಣಿಯನ್ನು ಮಕಾಡೆ ಹಾಕಿ, "ಶೋ" ಎಂದು ಹದಿಮೂರು ಎಲೆಗಳನ್ನು ಜಮಖಾನದ ಮೇಲೆ ಹರಡಿದೆ. ಮೀಸೆ ಇಲ್ಲ, ಇದ್ದಿದ್ದರೆ ತಿರುವುತ್ತಿದ್ದೆ.

ಗುರಪ್ಪನವರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡರು. ಬಹಳ ಹೊತ್ತು ನೋಡಿದರು.

"ಬೀಗ್ರ, ಇದೇನ್ರಿ?"

"ಪ್ಯೂರ್ ಸೀಕ್ವೆನ್ಸ್ ರೀ. ರಾಜಾ, ಎಕ್ಕಾ, ಎರಡು."

"ಎಕ್ಕಾ ಒಂದಾದ್ರ ರಾಜಾನ ಮ್ಯಾಲ ಕೂಡ್ಬೇಕು, ಇಲ್ಲಾಂದ್ರ ಎರಡರ ತೆಳಗ ಕೂಡ್ಬೇಕು. ಎರಡೂ ಕಡಿ ಹೆಂಗ ಕೂಡ್ತದ್ರಿ? ಅಫಜಲಪುರದಿಂದ ಕಲಬುರಗಿಗಿ ಟಿಕೀಟ್ ತಗೊಂಡಾಂವ ಅದ ಟಿಕೀಟಿನ ಮ್ಯಾಲ ತಿರುಗಿ ಅಫಜಲಪುರಕ್ಕ ಬರ್ಲಾಕ ಆಗ್ತದೇನು? ಇಳಸ್ತೇವಿ ನಾವು."

ನಾನು ಗಡಿಯಾರದ ಸಿದ್ಧಾಂತವನ್ನು ವಿವರಿಸಿದೆ. ಅವರು ಬಸ್ಸಿನ ಸಿದ್ಧಾಂತವನ್ನು ಇನ್ನೊಮ್ಮೆ ವಿವರಿಸಿದರು. ಅವರ ಅಣ್ಣ ಅಡಕತ್ತರಿ ಕೆಳಗಿಟ್ಟು, ನಾನು ಮಕಾಡೆ ಹಾಕಿದ್ದ ಎಲೆಯನ್ನು ತಿರುವಿ ನೋಡಿದರು. ರಾಣಿ!

"ಅಯ್ಯಯ್ಯ," ಎಂದರು ಅವರು, ನಿಜವಾದ ಸಂಕಟದಿಂದ. "ಇದನ್ನ ಇಟ್ಕೊಂಡು ಎರಡು ಬಿಟ್ಟಿದ್ರ ಗೆದ್ದಿದ್ರಲ್ರಿ."

ಗೆಲುವನ್ನು ಕೈಯಲ್ಲಿ ಹಿಡಿದು, ಅದನ್ನೇ ಆರಿಸಿ ಹೊರಗೆ ಹಾಕಿದ್ದೆ! ಆಗಲಾದರೂ ಸುಮ್ಮನೆ ಏಳಬೇಕಿತ್ತು. ಏಳಲಿಲ್ಲ. ಅಫಜಲಪುರದವರಿಗೆ ಆಟ ಗೊತ್ತಿಲ್ಲ, ಹಿರಿಯರ ಬಾಯಿಂದಲೇ ಕೇಳಿಸುತ್ತೇನೆ ಎಂದು ಅವ್ವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅಡುಗೆಮನೆಯಿಂದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಮಹೇಶನೂ ಬಂದ.

"ಅವ್ವಾ, ರಾಜಾ ಆದ ಮ್ಯಾಲ ಎಕ್ಕಾ, ಆಮ್ಯಾಲ ಎರಡು, ಹೌದಿಲ್ಲೋ?"

"ಹೌದಪ್ಪಾ," ಎಂದಳು ಅವ್ವ. ನಾನು ಸಭೆಯತ್ತ ವಿಜಯದ ನೋಟ ಬೀರಿದೆ.

ಗುರಪ್ಪನವರು ಫೋನಿನ ಕಡೆ ಬಾಗಿ, ಗೌರವದಿಂದ, "ಅವ್ವಾರ, ಈ ರೂಲು ನಿಮಗ ಯಾರು ಹೇಳಿಕೊಟ್ಟಿದ್ರು?" ಎಂದು ಕೇಳಿದರು.

"ಯಾರೂ ಇಲ್ಲಪಾ, ನಾನೇ ಮಾಡಿದ್ದು," ಎಂದಳು ಅವ್ವ. "ಈ ನಮ್ಮ ಶಂಕ್ರ್ಯಾ ಸಣ್ಣಾಂವ ಇದ್ದಾಗ ಸೋತ್ರ ಭಾಳ ಅಳ್ತಿದ್ದ. ಉಣ್ತಿದ್ದಿಲ್ಲ. ಅಂವಗ ಯಾವ ಎಲಿ ಬರ್ತಾವೋ ಅದಕ್ಕ ಒಂದು ರೂಲು ಮಾಡ್ತಿದ್ದೆ. ಯಾಕ, ಇನ್ನೂ ಹಂಗೇ ಆಡಾಕತ್ತಾನೇನು?"

ಯಾರೂ ನಗಲಿಲ್ಲ. ಅದೇ ಕಷ್ಟ. ಇಡೀ ಮನೆ ನನ್ನನ್ನು ಕರುಣೆಯಿಂದ ನೋಡಿತು. ಐವತ್ತು ವರ್ಷದ ನನ್ನ ದಾಖಲೆ ಫೋನಿನ ಸ್ಪೀಕರಿನಲ್ಲಿ ಕರಗಿಹೋಯಿತು.

ಆಟ ಯಾಕೆ ಎಂದು ಅವ್ವ ಕೇಳಿದಳು. ಹೇಳಲೇಬೇಕಾಯಿತು. ಆ ಕಡೆ ಹಂದರದವನು ಕಂಬಕ್ಕೆ ತಗ್ಗು ತೋಡುವ ಸದ್ದು ಕೇಳುತ್ತಿತ್ತು. ಆಮೇಲೆ ಅವ್ವ, "ಸೋತೀದಿ ಅಂದ ಮ್ಯಾಲ ಏಳು ತಮ್ಮಾ, ಹಟ ಹಿಡೀಬ್ಯಾಡ," ಎಂದು ಫೋನಿಟ್ಟಳು.

ಆಗ ಕಮಲಾ ನನ್ನನ್ನು ಸರಿಸಿ ಮುಂದೆ ಬಂದು, ಅವ್ವನ ಹೊಟ್ಟೆಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಗುರಪ್ಪನವರು ತಲೆ ಹಿಡಿದುಕೊಂಡರು.

"ಇದನ್ನ ಊಟದ ಹೊತ್ತಿಗೇ ಹೇಳಿದ್ರ ಆಟಾನೇ ಬ್ಯಾಡಾಗಿತ್ತಲ್ರಿ. ಈಗ ಮುರೀಲಾಕ ಬರಂಗಿಲ್ಲ. ಇದೊಂದು ಮುರದ್ರ ಬಾವಿ ಹೊಲದ ಜಗಳ ತಿರುಗಿ ಏಳ್ತದ," ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಅದಾಗಲೇ ನೆಟ್ಟಗೆ ಕೂತಿದ್ದರು. "ಅವ್ವಾರನ್ನ ಕರಕೊಂಡು ಬರೂದು ನನ್ನ ಜವಾಬ್ದಾರಿ. ನಿಮಗ ಬಿಡಂಗಿಲ್ಲ," ಎಂದರು ಗುರಪ್ಪನವರು.

ಮುಂದಿನ ಒಂದೂವರೆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಗಿರಣಿಯಲ್ಲಿ ಜೋಳದ ಡಬ್ಬಿಗೆ ಗೋಧಿ ಸುರಿದೆ. ಅಂಗಳದಲ್ಲಿ ಹಂದರದವನು ತೋಡಿದ ಎಂಟು ತಗ್ಗುಗಳಲ್ಲಿ ಐದರಲ್ಲಿ ನಾನೇ ಒಂದೊಂದು ಸಲ ಕಾಲಿಟ್ಟೆ. ವಾಂತಿ ನಿಲ್ಲುವ ಗುಳಿಗೆ, ಶುಂಠಿ, ಹುಣಸೆಹಣ್ಣು ಎಲ್ಲ ತಂದು ಗುಡ್ಡೆ ಹಾಕಿದೆ. ಅವ್ವ ಯಾವುದನ್ನೂ ಮುಟ್ಟಲಿಲ್ಲ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಲಗ್ನದ ಹಿಂದಿನ ದಿನ ಗುರಪ್ಪನವರು ಜೀಪು ಮಾಡಿಕೊಂಡು ಬಂದರು. ಅವ್ವನನ್ನು ಡ್ರೈವರ್ ಪಕ್ಕ ಕೂಡಿಸಿ, ಕಿಸೆಯಿಂದ ತಮ್ಮ ಹಳೆಯ ಸೀಟಿ ತೆಗೆದು ಕೈಗೆ ಕೊಟ್ಟರು. ಹೊಟ್ಟೆ ಹೊರಳಿದರೆ ಊದಬೇಕು, ಗಾಡಿ ನಿಲ್ಲುತ್ತದೆ. ಸುಧಾರಿಸಿದ ಮೇಲೆ ಎರಡು ಸಲ ಊದಬೇಕು, ಹೊರಡುತ್ತದೆ. ವಾಂತಿ ಬರುವ ಮಂದಿಗೆ ಕೈಗೊಂದು ಕೆಲಸ ಕೊಡಬೇಕು ಎಂಬುದು ಅವರು ಕಂಡುಕೊಂಡ ಸತ್ಯವಂತೆ. ದಾರಿಯಲ್ಲಿ ಜೀಪು ಹನ್ನೊಂದು ಸಲ ನಿಂತಿತು. ಹನ್ನೊಂದೂ ಸಲ ನನ್ನ ಜೀವ ಬಾಯಿಗೆ ಬಂತು. ಆದರೆ ಅವ್ವ ಊದಿದ್ದು ರಸ್ತೆ ಬದಿ ಬುಟ್ಟಿ ಹೊತ್ತು ನಿಂತ ಮುದುಕಿಯರನ್ನು ಹತ್ತಿಸಿಕೊಳ್ಳಲು! ಅಫಜಲಪುರ ಮುಟ್ಟುವಾಗ ಜೀಪಿನಲ್ಲಿ ನನಗೆ ಜಾಗ ಇರಲಿಲ್ಲ. ಹಿಂದೆ ಜೋತುಬಿದ್ದು ಬಂದೆ.

ಮರುದಿನ ಅವ್ವ ಮುಂದಿನ ಸಾಲಿನಲ್ಲಿ ಕೂತು, ಮೊಮ್ಮಗಳ ತಲೆಯ ಮೇಲೆ ಎರಡು ಕೈ ತುಂಬ ಅಕ್ಕಿಕಾಳು ಹಾಕಿದಳು.

ಲಗ್ನ ಚೆನ್ನಾಗಿಯೇ ಆಯಿತು. ಅವತ್ತು ನನಗೆ ಸಿಕ್ಕ ಉಪಚಾರದ ಅರ್ಥ ಮಾತ್ರ ತಿಳಿಯಲು ತಡವಾಯಿತು. ನಾನು ಕೂತಲ್ಲಿ ಫ್ಯಾನು ತಿರುಗಿಸುತ್ತಿದ್ದರು. ಬೇಡ ಎನ್ನುವ ಮೊದಲೇ ಎರಡನೇ ಹೋಳಿಗೆ ಬೀಳುತ್ತಿತ್ತು. ನಾನು ಏನಾದರೂ ಅಂದರೆ ಸಾಕು, ಗುರುತಿಲ್ಲದವರೂ "ಹೌದ್ರಿ, ಹೌದ್ರಿ, ನೀವು ಹೇಳಿದ್ದೇ ಖರೇ" ಎನ್ನುತ್ತಿದ್ದರು. ದೊಡ್ಡ ಮನುಷ್ಯನಾದೆ ಎಂದುಕೊಂಡೆ.

ಸಂಜೆ ನಾವು ನರೋಣಾಕ್ಕೆ ಹೊರಡುವ ಹೊತ್ತು ಬಂತು. ಸವಿತಾ ಕಾಲು ಮುಟ್ಟಿ ಎದ್ದಳು. ಅವಳ ಮುಖ ನೋಡಿದೆ, ಕಣ್ಣು ತುಂಬಿ ಹರಿಯಿತು. ಹಂದರದ ಆ ತುದಿಯಲ್ಲಿದ್ದ ಗುರಪ್ಪನವರ ಅಣ್ಣ ಅದನ್ನು ಕಂಡವರೇ ಪಂಚೆ ಎತ್ತಿ ಓಡಿ ಬಂದರು.

"ಏ, ಬೀಗ್ರು ಅಳಾಕತ್ತಾರ. ಅವರು ಏನ್ ಕೇಳ್ತಾರೋ ಒಪ್ಪಿಕೊಂಡುಬಿಡ್ರಿ. ರಾಜಾ, ಎಕ್ಕಾ, ಎರಡು ನಡೀತದ ಅಂತ ಹೇಳಿಬಿಡ್ರಿ."

ನಾಲ್ಕೂ ಮಂದಿ ಅಣ್ಣತಮ್ಮಂದಿರು ನನ್ನ ಬೆನ್ನು ಸವರಿ, ನಡೀತದ, ನಡೀತದ ಎಂದು ಸಮಾಧಾನ ಮಾಡಿದರು. ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವನ್ನು ಮುಚ್ಚಲೋ ನಗುವನ್ನು ಮುಚ್ಚಲೋ, ನಾನು ಕೇಳಲಿಲ್ಲ.

ಮಗಳನ್ನು ಬಿಟ್ಟು ಬರುವಾಗ ಅಳುವುದು ಯಾವ ತಂದೆಗೂ ಇರುವ ಹಕ್ಕು. ನಾನು ಅದನ್ನೂ ಇಸ್ಪೀಟಿನಲ್ಲಿ ಸೋತಿದ್ದೆ.