ನಾಲ್ಕನೇ ನಂಬರಿನ ಬ್ರೌನ್ ಏಲ್

ಎಡ್ನಾ ಗಂಡನಿಗೊಂದು ಉಪಕಾರ ಮಾಡಲು ಹೊರಟದ್ದೇ ಎಲ್ಲದಕ್ಕೂ ಮೂಲ.

"ರೀ, ನಿಮ್ಮ ಶೆಡ್ಡಿನ ಮೂಲೇಲಿ ಬ್ರೌನ್ ಏಲ್ ಬಾಟ್ಲಿ ಇತ್ತಲ್ಲ, ಅದನ್ನ ನನ್ನ ಹೆಸರಲ್ಲಿ ಸ್ಪರ್ಧೆಗೆ ಕೊಟ್ಬಿಟ್ಟೆ!" ಎಂದು ಅವಳು ಗಣಿ ಕಾರ್ಮಿಕರ ಕ್ಲಬ್ಬಿನ ಬಾಗಿಲಲ್ಲಿ ವಿಲ್ಫ್ ಮಿಲ್ಬರ್ನ್‌ನ ಕಿವಿಯಲ್ಲಿ ಉಸುರಿದಳು.

ವಿಲ್ಫ್‌ನ ಎದೆ ಧಸಕ್ಕೆಂದಿತು. ಮನೆಯಲ್ಲೇ ತಯಾರಿಸಿದ ಏಲ್ ಬಿಯರ್‌ಗಳ ಸ್ಪರ್ಧೆಗೆ ಅಂದು ಅವನೇ ತೀರ್ಪುಗಾರ. ಆದರೆ ಆ ಬಾಟಲಿಯಲ್ಲಿದ್ದದ್ದು ಮನುಷ್ಯರಿಗಲ್ಲ, ಅವನ ಲೀಕ್ ಗಿಡಗಳಿಗೆ. ಏಲ್ ಏನೋ ನಿಜವಾದದ್ದೇ. ಅದರಲ್ಲಿ ನೆನೆದಿದ್ದ ಗೊಬ್ಬರ ಮಾತ್ರ ಯಾವುದೆಂದು ಅವನು ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಈರುಳ್ಳಿಯ ದಾಯಾದಿಯಾದ ಈ ಲೀಕನ್ನು ಮಗುವಿನ ತೊಡೆಯಷ್ಟು ದಪ್ಪ ಬೆಳೆಸಿ, ಏಳು ವರ್ಷದಿಂದ ಊರಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆಯುತ್ತಿದ್ದದ್ದು ಆ ಗುಟ್ಟಿನ ಬಲದಿಂದಲೇ. ನಾಳೆ ಎಂಟನೆಯದು.

ಏಳು ವರ್ಷವೂ ಎರಡನೇ ಬಹುಮಾನ ಹೊತ್ತ ನಾರ್ಮನ್ ಹೆಡ್ಲಿ ಪಕ್ಕದ ಮನೆಯವನು. ಬೇಲಿಯ ಸಂದಿಗೆ ಕಣ್ಣಿಟ್ಟೇ ಅರ್ಧ ಆಯುಸ್ಸು ಕಳೆದವನು. ಅವನು ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಬಾಟಲಿ ವಾಪಸು ಕೇಳಿದರೆ ಏಕೆಂದು ಹೇಳಬೇಕು. ಹೇಳಿದರೆ ಗುಟ್ಟು ರಟ್ಟು.

ಮೇಜಿನ ಮೇಲೆ ಐದು ಜಗ್ಗು, ಐದು ಗ್ಲಾಸು, ಐದು ನಂಬರು. ಹೆಸರುಗಳು ಕಾರ್ಯದರ್ಶಿ ಸಿರಿಲ್‌ನ ಜೇಬಿನ ಲಕೋಟೆಯಲ್ಲಿ.

ಮೊದಲನೆಯದು ಸಪ್ಪೆ. ಹತ್ತಕ್ಕೆ ಐದು. ಎರಡನೆಯದು ಕಹಿ, ಆರು. ಮೂರನೆಯದನ್ನು ಮೂಗಿನ ಬಳಿ ತಂದದ್ದೇ ತಡ, ಒದ್ದೆ ನಾಯಿಯ ವಾಸನೆ ಗಪ್ಪೆಂದು ಹೊಡೆಯಿತು. ಇದೇ ಅದು! ವಿಲ್ಫ್ ಒಂದು ಗುಟುಕು ಬಾಯಿಗಿಟ್ಟು ಉಗುಳಲು ಸಿಂಕಿನತ್ತ ತಿರುಗಿದ.

"ಏಯ್, ನುಂಗೋ! ಉಗುಳೋಕೆ ಇದೇನು ವೈನಾ?" ಎಂದು ನಾರ್ಮನ್ ಕೂಗಿದ. "ನಮ್ಮಪ್ಪನ ಕಾಲದಿಂದ ಇಲ್ಲಿ ಏಲ್ ನುಂಗೇ ಮಾರ್ಕ್ಸ್ ಕೊಡೋದು!"

"ಹೌದು ಮಾರಾಯ, ಪೂರ್ತಿ ನುಂಗು," ಎಂದ ಸಿರಿಲ್.

ಬಾಯಲ್ಲಿಟ್ಟ ಬಿಸಿ ತುಪ್ಪದಂತಾಯಿತು. ವಿಲ್ಫ್ ಕಣ್ಣು ಮುಚ್ಚಿ ನುಂಗಿದ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. "ಸೊನ್ನೆ! ಇದನ್ನ ಯಾರೂ ಮುಟ್ಟಬೇಡಿ, ಸಿಂಕಿಗೆ ಚೆಲ್ಲಿ!"

ಸಿರಿಲ್ ಚೆಲ್ಲಿದ. ವಿಲ್ಫ್‌ಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ನಾಲ್ಕನೇ ಗ್ಲಾಸನ್ನು ಗಟಗಟನೆ ಎತ್ತಿದ. ಆಹಾ! ಹುರಿದ ಬೀಜದ ಘಮ, ಸುಟ್ಟ ಸಕ್ಕರೆಯ ಸಿಹಿ, ಕೊನೆಗೆ ನಾಲಿಗೆಯಲ್ಲಿ ನಿಲ್ಲುವ ಏನೋ ಒಂದು ಗತ್ತು.

"ಹತ್ತಕ್ಕೆ ಹತ್ತು!" ಎಂದು ಮೇಜು ಗುದ್ದಿದ. "ಇದು ಕಣ್ರಯ್ಯಾ ಬ್ರೌನ್ ಏಲ್ ಅಂದ್ರೆ!"

ಐದನೆಯದಕ್ಕೆ ಏಳು ಬಂತು. ಗೆದ್ದ ಏಲ್ ಎಲ್ಲರ ಗ್ಲಾಸಿಗೂ ಒಂದೊಂದು ಗುಟುಕು ಹೋಗುವುದು ಕ್ಲಬ್ಬಿನ ಪದ್ಧತಿ. ಇಪ್ಪತ್ತು ಜನ ಚಪ್ಪರಿಸಿದರು. ನಾರ್ಮನ್ ಜಗ್ಗಿನ ತಳದಲ್ಲಿದ್ದದ್ದನ್ನೂ ತನ್ನ ಗ್ಲಾಸಿಗೆ ಬಗ್ಗಿಸಿಕೊಂಡ.

ಸಿರಿಲ್ ಲಕೋಟೆ ಬಿಚ್ಚಿದ. "ಮೂರನೇ ನಂಬರು, ನಾರ್ಮನ್ ಹೆಡ್ಲಿ."

"ಸೊನ್ನೆನಾ? ನನ್ನ ಏಲ್ ಸಿಂಕಿಗೆ ಚೆಲ್ಲಿಸಿದ್ಯಾ, ಹೊಟ್ಟೆಕಿಚ್ಚಿನ ನನ್ಮಗನೆ!"

ವಿಲ್ಫ್ ಉಳಿದ ನಾಲ್ಕು ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಮೂಸತೊಡಗಿದ.

"ನಾಲ್ಕನೇ ನಂಬರು, ಶ್ರೀಮತಿ ಎಡ್ನಾ ಮಿಲ್ಬರ್ನ್! ಬನ್ನಿ ಎಡ್ನಾ, ಗೆದ್ದವರು ಮಾಡೋ ವಿಧಾನ ಹೇಳ್ಬೇಕು, ಅದು ನಿಯಮ."

"ಬೇಡ!" ಎಂದು ಕಿರುಚಿದ ವಿಲ್ಫ್. ಅಷ್ಟರಲ್ಲಿ ನಾರ್ಮನ್ ಪೆನ್ಸಿಲ್ ತೆಗೆದಾಗಿತ್ತು.

ಎಡ್ನಾ ನಾಚುತ್ತಾ ವೇದಿಕೆ ಹತ್ತಿದಳು. "ನಾನು ಮಾಡಿದ್ದಲ್ಲಪ್ಪ, ಇವ್ರೇ ಮಾಡಿ ಲೀಕ್ ಗಿಡಕ್ಕೂ ಹಾಕ್ತಿರ್ತಾರೆ. ಕಿಟಕೀಲಿ ನೋಡಿದ್ದಷ್ಟು ಹೇಳ್ತೀನಿ. ಬಕೆಟ್ಟಲ್ಲಿ ಏಲ್, ಅದಕ್ಕೆ ಎರಡು ಚಮಚ ಕಾಕಂಬಿ. ಆಮೇಲೆ ಪಾರಿವಾಳದ ಗೂಡಿನ ತಳ ಕೆರೆದು, ಬಂದಿದ್ದನ್ನ ಒಂದು ವಾರ ನೆನೆಹಾಕಿ ಸೋಸ್ತಾರೆ. ಅದು ಯಾಕೋ ನಂಗೊತ್ತಿಲ್ಲ, ಅವ್ರನ್ನೇ ಕೇಳಿ."

ನಾರ್ಮನ್ ಒಂದಕ್ಷರ ಬಿಡದೆ ಬರೆದುಕೊಂಡ. ಬರೆದದ್ದನ್ನು ಒಮ್ಮೆ ಓದಿದ. ಆಮೇಲೆ ತನ್ನ ಖಾಲಿ ಗ್ಲಾಸನ್ನು ನೋಡಿದ.

ಆಮೇಲೆ ಇಡೀ ಕ್ಲಬ್ಬು ವಿಲ್ಫ್‌ನನ್ನು ನೋಡಿತು.