ಎದೆಪಟ್ಟಿಯವರು ದಯಪಾಲಿಸಿದ ಧೈರ್ಯದ ಕುರಿತು

ಅಂಗಿಯೊಳಗೆ ವಾಸವಾಗಿದ್ದು ನಮ್ಮೆಲ್ಲರ ಗುಂಡಿಗೆಯ ಗುಟ್ಟು ಬಲ್ಲ ಸನ್ಮಾನ್ಯ ಎದೆಪಟ್ಟಿ ಯಂತ್ರದವರ ಸನ್ನಿಧಿಗೆ,

ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ ಅಲ್ಲವೋ ಎಂಬುದು ನನಗಿಂತ ಮೊದಲು ತಮಗೇ ತಿಳಿಯುವುದರಿಂದ ಅದನ್ನಿಲ್ಲಿ ಬರೆದು ತಮ್ಮ ಅಮೂಲ್ಯ ಸಮಯ ಹಾಳುಮಾಡುವುದಿಲ್ಲ.

ತಾವು ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ದಯಮಾಡಿಸಿದ ದಿನ, ಭಯವೇ ಆಟಗಾರನ ಮೊದಲ ಶತ್ರುವೆಂದೂ ತಾವದನ್ನು ಎದೆಯಲ್ಲೇ ಹಿಡಿದುಕೊಡುವಿರೆಂದೂ ಕೋಚ್ ಸಾಹೇಬರು ಸಾರಿದರು. ಎದೆ ತಣ್ಣಗಿದ್ದರೆ ಅವರ ಕೈಯಲ್ಲಿರುವ ಪರದೆಯ ಮೇಲೆ ಹಸಿರು, ಡವಡವ ಎಂದರೆ ಕೆಂಪು, ಕೆಂಪಾದವನು ಬೆಂಚಿಗೆ. ಓಟದ ಏದುಸಿರನ್ನು ಬದಿಗಿಟ್ಟು ಹೆದರಿಕೆಯ ಬಡಿತವನ್ನಷ್ಟೇ ಸೋಸಿ ತೆಗೆಯುವ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅಲ್ಲಿಯವರೆಗೆ ನನಗೆ ಚೆಂಡು ತಪ್ಪೀತೆಂಬ ಭಯವೊಂದೇ ಇತ್ತು. ತಾವು ಬಂದ ಮೇಲೆ, ಎಲ್ಲಿ ಭಯವಾಗಿಬಿಡುತ್ತದೋ ಎಂಬ ಭಯವೂ ಜೊತೆಗೂಡಿತು.

ಎರಡನ್ನೂ ಸಾಕಲಾರದೆ ನಾನೊಂದು ಉಪಾಯ ಕಂಡುಕೊಂಡೆ. ಹೆದರಿಕೆ ಬರುವುದು ಚೆಂಡಿನ ಜೊತೆಯಲ್ಲಿ ತಾನೇ? ಆದ್ದರಿಂದ ಎದುರಾಳಿಯ ಬೆನ್ನ ಹಿಂದೆ, ಯಾವ ಪಾಸೂ ತಲುಪಲಾರದ ಜಾಗದಲ್ಲಿ ನಿಂತು, ಚೆಂಡು ಬೇಕೆಂಬಂತೆ ಕೈ ಬೀಸತೊಡಗಿದೆ. ತಾವು ಸಂತೋಷದಿಂದ ಹಸಿರಾದಿರಿ. ಅತ್ಯಂತ ಶಾಂತಚಿತ್ತ ಆಟಗಾರನೆಂದು ನನ್ನ ಫೋಟೋ ಊಟದ ಕೋಣೆಯ ಗೋಡೆಗೇರಿತು. ಮನೆಯಲ್ಲಿ ಹೆಂಡತಿ ಮಾತ್ರ, “ಏನ್ರೀ, ಇವತ್ತು ನೀವು ಆಡಿದ್ರಾ? ಟೀವೀಲಿ ಒಂದ್ಸಲಾನೂ ಕಾಣ್ಲೇ ಇಲ್ಲ” ಎಂದು ವಿಚಾರಿಸಿದಳು. ಅವಳಿಗೆ ತಮ್ಮಷ್ಟು ತಿಳಿವಳಿಕೆ ಇಲ್ಲ, ಕ್ಷಮಿಸಬೇಕು.

ಇನ್ನು ನಮ್ಮ ಮುಂಚೂಣಿ ಆಟಗಾರ, ಎಲ್ಲರೂ ಗಡಗಡಣ್ಣ ಎಂದು ಕರೆಯುವ ಹಿರಿಯ, ಪ್ರತಿ ಪಂದ್ಯಕ್ಕೂ ಮೊದಲು ಬಚ್ಚಲಿನ ಬೇಸಿನ್ನನ್ನು ತಬ್ಬಿಕೊಂಡು ವಾಂತಿ ಮಾಡುತ್ತಾನೆ. ಕೈ ನಡುಗಿ ಅವನ ಬೂಟಿನ ಲೇಸನ್ನು ಇನ್ನೊಬ್ಬರು ಕಟ್ಟಬೇಕು. ಆದರೆ ಗೋಲಿನ ಮುಂದೆ ಚೆಂಡು ಬಿತ್ತೆಂದರೆ ಆ ನಡುಕ ಎಲ್ಲಿ ಹೋಗುತ್ತದೋ, ಅಲುಗುವುದು ಬಲೆ ಮಾತ್ರ. “ಹೆದರಿಕೆ ಇಲ್ದಿದ್ರೆ ನಂಗೆ ಗೋಲು ಎಲ್ಲಿದೆ ಅಂತಾನೇ ಕಾಣಲ್ಲ ಕಣೋ” ಎನ್ನುತ್ತಾನೆ. ಬಟ್ಟೆ ಬದಲಿಸುವಾಗಲೇ ಅವನು ಕೆಂಪಗಾಗುವುದರಿಂದ ತಾವು ಬಂದಂದಿನಿಂದ ಪಾಪ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಬೆಂಚಿನಲ್ಲೇ ಕೂತಿದ್ದಾನೆ.

ಹೀಗೆ ತಮ್ಮ ಕೃಪೆಯಿಂದ ನಾವು ಒಂದಿಷ್ಟೂ ಗಾಬರಿಯಿಲ್ಲದೆ, ಸಮಾಧಾನವಾಗಿ ಸೋಲುತ್ತ ಸೋಲುತ್ತ ಅಂಕಪಟ್ಟಿಯ ತಳಕ್ಕೆ ಬಂದಿದ್ದೇವೆ. ಭಾನುವಾರ ಸೋತರೆ ಕ್ಲಬ್ ಕೆಳದರ್ಜೆಗೆ ಇಳಿಯುತ್ತದೆ. ಬಟ್ಟೆ ಒಗೆಯುವವರಿಂದ ಹಿಡಿದು ಅಡುಗೆಯವರವರೆಗೆ ಅರ್ಧ ಜನ ಮನೆಗೆ. ಸಮವಾದರೆ ತಂಡಕ್ಕೆ ಐದೈದು ಪೆನಾಲ್ಟಿ. ಯಾರು ಒದೆಯಬೇಕೆಂದು ಕೋಚ್ ಸಾಹೇಬರು ತಮ್ಮನ್ನೇ ಕೇಳಿದರಂತೆ, ತಾವು ಮೊದಲು ನನ್ನ ಹೆಸರನ್ನೇ ಹೇಳಿದಿರಂತೆ. ಇಷ್ಟು ದಿನ ಚೆಂಡಿನ ಸಹವಾಸವನ್ನೇ ಮಾಡದ ನನ್ನ ಮೇಲೆ ತಮಗಿರುವ ಅಭಿಮಾನಕ್ಕೆ ಏನೆನ್ನಲಿ!

ಮಾನ್ಯರೇ, ನನಗೆ ಭಯವಾಗುತ್ತಿದೆ. ಅಡುಗೆಯಾಕೆ ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, “ನಿನ್ನ ಕೈಲಿದೆ ತಮ್ಮಾ” ಎಂದಳು; ಆ ಮೊಟ್ಟೆಯನ್ನೂ ನಾನು ಪಕ್ಕದವನ ತಟ್ಟೆಗೆ ಪಾಸ್ ಮಾಡಿದೆ. ತಮಗೆ ಹೆದರಿ ಈ ಭಯ ಎದೆ ಬಿಟ್ಟು ಹೊಟ್ಟೆಗೆ ಇಳಿದು ಕೂತಿದೆ; ಹೊಟ್ಟೆ ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ. ಆದ್ದರಿಂದ ಭಾನುವಾರ ದಯವಿಟ್ಟು ನನ್ನನ್ನು ಒಮ್ಮೆ ಕೆಂಪಾಗಿಸಿ, ಗಡಗಡಣ್ಣನಿಗೊಂದು ಹಸಿರು ಕರುಣಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಡುಗಲು ಮಂಡಿಗಳೇ ಇಲ್ಲದ ತಾವೇ ಅಂಗಿಯಿಂದ ಹೊರಬಂದು ಆ ಪೆನಾಲ್ಟಿಯನ್ನು ಒದ್ದುಕೊಡಬೇಕಾಗಿ ವಿನಂತಿ.

ಸದಾ ಹಸಿರಾಗಿ ಉಳಿದ ತಪ್ಪಿಗೆ,
ತಮ್ಮ ವಿಶ್ವಾಸಿ,
ಎಡಬದಿಯ ಆಟಗಾರ

ವಿ.ಸೂ.: ಬಹಿರಂಗ ಪತ್ರವಾದ್ದರಿಂದ ಇದನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದೆ. ಕೋಚ್ ಸಾಹೇಬರು ನಿಂತು ಪೂರ್ತಿ ಓದಿ, ನಕ್ಕು, ಬೆನ್ನು ತಟ್ಟಿ, “ಇಂಥ ಹೊತ್ತಲ್ಲೂ ತಮಾಷೆ ಮಾಡ್ತೀಯಲ್ಲೋ, ನಿನ್ನಂಥ ಗುಂಡಿಗೆ ಇನ್ಯಾರಿಗಿದೆ!” ಎಂದು ಮೊದಲ ಪೆನಾಲ್ಟಿಯಿಂದ ನನ್ನನ್ನು ತೆಗೆದರು. ಈಗ ಎಲ್ಲವನ್ನೂ ತೀರ್ಮಾನಿಸುವ ಕೊನೆಯದು ನನ್ನದು.